ದಣಿದ ಎತ್ತು ಮುಂದೆ

ನಮ್ಮ ಗಂಗಾ ವೈನಿ ಕಾರು ನಡೆಸುವಾಗ ಸೀಟಿನ ಮೇಲೆ ಒಂದು ಹಳೆಯ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಕಿಕೊಂಡು ಕೂಡ್ರುತ್ತಾರೆ. ಹರಿದ ಇಳಕಲ್ ಸೀರೆ, ಮಾಸಿದ ಧೋತರ, ಯಾರದೋ ಲಂಗದ ಚೂರು ಎಲ್ಲವನ್ನೂ ಒಂದರ ಮೇಲೊಂದಿಟ್ಟು ಅವರ ಅವ್ವ ತವರೂರು ಸುಳ್ಳದ ಮನೆಯ ಕಟ್ಟೆಯ ಮೇಲೆ ಕೂತು ಹೊಲಿದ ಕೌದಿ ಅದು. ವೈನಿಯ ಎತ್ತರವನ್ನು ಶಿವನು ಅದೇನೋ ಜಿಪುಣತನದ ಗಳಿಗೆಯಲ್ಲಿ ಅಳೆದುಕೊಟ್ಟಿದ್ದಾನೆ. ಕೌದಿಯಿಲ್ಲದೆ ಕೂತರೆ ಅವರಿಗೆ ರಸ್ತೆಯ ಬದಲು ಹಾರ್ನು ಮಾತ್ರ ಕಾಣುತ್ತದೆ. ಕೌದಿ ಹಾಕಿಕೊಂಡು ಕೂತಾಗಲೂ ಎದುರಿನಿಂದ ಬರುವವರಿಗೆ ಕಾಣುವುದು ಸ್ಟೇರಿಂಗಿನ ಮೇಲಂಚಿನಲ್ಲಿ ಮೂಡಿದ ಒಂದು ಕುಂಕುಮ, ಎರಡು ಕಣ್ಣು, ಅಷ್ಟೇ. ಈ ಕುಂಕುಮ ಮತ್ತು ಕಣ್ಣುಗಳು ಒಮ್ಮೆ ಯುರೋಪಿನ ಉದ್ದಕ್ಕೂ ಕಾರು ನಡೆಸಿಕೊಂಡು ಹೋದದ್ದನ್ನು ನಿಮಗೆ ಹೇಳಬೇಕೆಂದು ಎಷ್ಟೋ ದಿನದಿಂದ ಮನಸ್ಸಿನಲ್ಲಿದೆ. ಹೆಮ್ಮೆಯ ಮಾತು ಸ್ವಲ್ಪ ಹೆಚ್ಚೇ ಬರುತ್ತದೆ, ಸಹಿಸಿಕೊಳ್ಳಬೇಕು. ನಮ್ಮ ಮನೆಯವರನ್ನು ನಾವೇ ಹೊಗಳದಿದ್ದರೆ ಪಕ್ಕದ ಮನೆಯವರು ಬಂದು ಹೊಗಳುತ್ತಾರೆಯೇ?

ವೈನಿ ಎಂದರೆ ನಮ್ಮ ಕಡೆ ಅಣ್ಣನ ಹೆಂಡತಿ. ಅಣ್ಣನದು ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಕಾಳುಕಡಿಯ ಅಂಗಡಿ, ಮನೆ ಮಾತ್ರ ಧಾರವಾಡದ ಕೆಲಗೇರಿಯಲ್ಲಿ. ನಾನು ಸುಮಾ, ಕಾಲೇಜಿನಲ್ಲಿ ಇತಿಹಾಸದ ಪಾಠ ಹೇಳುತ್ತ, ಲಗ್ನದ ಗೊಡವೆಗೆ ಹೋಗದೆ, ಅದೇ ಮನೆಯ ಮಾಳಿಗೆಯಲ್ಲಿ ಪುಸ್ತಕಗಳ ನಡುವೆ ಬಿದ್ದುಕೊಂಡಿದ್ದ ತಂಗಿ. ತೊಂಬತ್ತರ ದಶಕದ ಮೊದಲಿಗೆ ಅಣ್ಣ ಒಂದು ಹಳೆಯ ಕಾರು ಕೊಂಡ. ಇಟಲಿಯಲ್ಲಿ ರೂಪುಗೊಂಡು ಮುಂಬೈಯಲ್ಲಿ ತಯಾರಾಗುತ್ತಿದ್ದ, ಗಿಯರಿನ ಕೋಲು ನೆಲದಿಂದೇಳದೆ ಸ್ಟೇರಿಂಗಿನ ಕೊರಳಿಗೇ ಅಂಟಿಕೊಂಡಿರುತ್ತಿದ್ದ ಆ ಪುಟ್ಟ ಕಾರನ್ನು ನೀವೂ ಬಲ್ಲಿರಿ. ಆ ಕಾಲದ ಡಾಕ್ಟರು ವಕೀಲರೆಲ್ಲ ಅದರಲ್ಲೇ ಓಡಾಡುತ್ತಿದ್ದರು. ಅಣ್ಣ ಅದನ್ನು ಕಲಿಯಲು ಹೋಗಿ, ಎರಡನೆಯ ದಿನವೇ ಕೆಲಗೇರಿ ಕೆರೆಯ ದಂಡೆಯಲ್ಲಿ ಅರಿವೆ ಒಗೆಯುತ್ತಿದ್ದವರನ್ನೆಲ್ಲ ನೀರಿಗಿಳಿಸಿ, ತಾನೂ ಅರ್ಧ ಇಳಿದು, ಕೀಲಿಕೈಯನ್ನು ತಂದು ಹೆಂಡತಿಯ ಉಡಿಗೆ ಹಾಕಿಬಿಟ್ಟ. "ನಿಮ್ಮಪ್ಪನ ಮನ್ಯಾಗ ಚಕ್ಕಡಿ ಹೊಡದಾಕಿ ಅಲ್ಲೇನ ನೀ, ಇದನ್ನೂ ಹೊಡಿ" ಎಂದ. ವೈನಿ ಹೊಡೆದರು. ದಿನಾ ಮುಂಜಾನೆ ನವಲೂರಿನ ಏರು ದಾಟಿ ಅಣ್ಣನನ್ನು ಅಂಗಡಿಗೆ ಬಿಟ್ಟು, ಬರುವಾಗ ಭಾಜಿ ಕೊಂಡು, ಸಂಜೆಗೆ ಮತ್ತೆ ಹೋಗಿ ಕರೆದುಕೊಂಡು ಬಂದರು. "ಸಾವಕಾರ್ರ, ಡ್ರೈವರ್ ಛಲೋ ಸಿಕ್ಕಾರ ಬಿಡ್ರಿ" ಎಂದು ದುರ್ಗದಬೈಲಿನವರು ಚೇಷ್ಟೆ ಮಾಡಿದರೆ ಅಣ್ಣ ನಗುತ್ತ, "ಪಗಾರ ಕೇಳೂದಿಲ್ರಿ, ಆದ್ರ ನಾವು ಮಾತು ಕೇಳಬೇಕಾಗ್ತದ" ಎನ್ನುತ್ತಿದ್ದ.

ದಶಕ ಮುಗಿಯುವ ಹೊತ್ತಿಗೆ ಊರ ತುಂಬ ನುಣುಪು ಮೈಯ ಹೊಸ ಕಾರುಗಳು ಬಂದವು, ನಮ್ಮದಕ್ಕೆ ಡಬ್ಬಾ ಎಂಬ ಹೆಸರು ಬಿತ್ತು. ವಸ್ತುವೊಂದು ಹಳತಾಗುವುದು ಯಾವಾಗ ಎಂದು ನಾನು ಆಗೀಗ ಯೋಚಿಸಿದ್ದುಂಟು. ನಿಂತುಹೋದಾಗ ಅಲ್ಲ, ಮಗ್ಗುಲಿಗೆ ಹೊಸದೊಂದು ಬಂದು ನಿಂತಾಗ. ಅಲ್ಲಿಯತನಕ ಅದು ಬರೀ ಕಾರು. ಆಮೇಲೆ ಕೆಲವು ಊರುಗಳಲ್ಲಿ ಅದು ಡಬ್ಬಾ ಆಗುತ್ತದೆ, ಕೆಲವು ದೇಶಗಳಲ್ಲಿ ಕ್ಲಾಸಿಕ್ ಆಗುತ್ತದೆ. ತಗಡು ಅದೇ, ರೂಪ ಅದೇ, ನೋಡುವವರ ಹೊಟ್ಟೆ ತುಂಬಿದೆಯೋ ಇಲ್ಲವೋ ಎಂಬುದರ ಮೇಲೆ ಹೆಸರು. ಈ ಎರಡನೆಯ ಹೆಸರನ್ನು ನಮಗೆ ಮೊದಲು ಕೇಳಿಸಿದವಳು ಆನಾ.

ಆನಾ ಹಾಲೆಂಡಿನ ಹುಡುಗಿ. ಹಿಂದುಸ್ತಾನಿ ಗಾಯನ ಕಲಿಯಲೆಂದು ಧಾರವಾಡಕ್ಕೆ ಬಂದು, ನಮ್ಮ ಮಾಳಿಗೆಯಲ್ಲಿ ನನ್ನ ಪಕ್ಕದ ಖೋಲಿಯಲ್ಲಿ ಬಾಡಿಗೆಗಿದ್ದಳು. ಸ್ವರ ಹಚ್ಚುವುದನ್ನು ಕಲಿಯುವ ಮೊದಲೇ "ಛಾ ಆತೇನ್ರಿ" ಎನ್ನುವುದನ್ನು ಕಲಿತಳು, ಎರಡು ವರ್ಷದಲ್ಲಿ ನಮ್ಮ ವಿದ್ಯಾರ್ಥಿಗಳಿಗಿಂತ ಛಲೋ ಧಾರವಾಡದ ಮಾತು ಆಡತೊಡಗಿದಳು. ಅವಳನ್ನು ಗುರುಗಳ ಮನೆಗೆ ಮುಟ್ಟಿಸುವುದೂ ವೈನಿಯ ಪಾಲಿಗೇ ಬಂದಿತ್ತು. ತಂಬೂರಿ ಒಳಗೆ ಹಿಡಿಸದೆ, ಅದರ ಕೊರಳನ್ನು ಹಿಂದಿನ ಕಿಡಕಿಯಿಂದ ಹೊರಗೆ ಹಾಕಿಕೊಂಡು ಇಬ್ಬರೂ ಹೋಗುತ್ತಿದ್ದರು. ಒಂದು ದಿನ ಆನಾ, "ನಮ್ಮಪ್ಪಾರ ಕಡೇನೂ ಇಂಥಾದ ಗಾಡಿ ಐತ್ರಿ ವೈನೀರ. ಆದ್ರ ಅದಕ್ಕ ಅರಿವಿ ಹೊಚ್ಚಿ ಇಟ್ಟಾರ್ರಿ, ಮಳಿ ಬಂದ್ರ ಹೊರಗ ತಗಿಯೂದಿಲ್ಲ" ಎಂದಳು. "ಯಾಕವಾ, ಅದಕ್ಕ ನೆಗಡಿ ಆಗ್ತದೇನ?" ಎಂದರು ವೈನಿ, ಖರೇನೇ ಕನಿಕರದಿಂದ.

ಹೊಸ ಶತಮಾನ ಹುಟ್ಟಿ ಒಂದೆರಡು ವರ್ಷವಾಗಿರಬೇಕು. ತನ್ನ ದೇಶಕ್ಕೆ ಮರಳಿದ್ದ ಆನಾ ಒಂದು ಸಂಜೆ ಫೋನು ಮಾಡಿದಳು. ಅವಳ ಅಪ್ಪ ಪೀಟರ್ ಮತ್ತು ಅವನ ಗೆಳೆಯರು ಪ್ರತಿ ಬೇಸಿಗೆಗೆ ತಮ್ಮ ತಮ್ಮ ಹಳೆಯ ಪುಟ್ಟ ಕಾರುಗಳನ್ನು ಹೊರತೆಗೆದು ಸಾಲಾಗಿ ದೇಶ ಸುತ್ತುತ್ತಾರೆ, ಈ ಸಲ ಹಾಲೆಂಡಿನಿಂದ ಹೊರಟು ಜರ್ಮನಿ ದಾಟಿ, ಆಲ್ಪ್ಸ್ ಪರ್ವತ ಏರಿ ಇಳಿದು ಇಟಲಿಯತನಕ ಹೋಗುವುದು, ಅಪ್ಪನ ಕಡೆ ಇರುವ ಎರಡು ಕಾರುಗಳಲ್ಲಿ ನಮ್ಮ ಕಾರಿನ ಅಕ್ಕನಂಥದೊಂದು ಖಾಲಿ ಇದೆ, ಅದನ್ನು ನಡೆಸಲು ವೈನಿಯೇ ಬರಬೇಕು ಎಂದಳು. ನಾನು ಮಾಳಿಗೆಯಿಂದ ಇಳಿದು ಬಂದು ಇದನ್ನೆಲ್ಲ ಹೇಳಿದಾಗ ವೈನಿ ರೊಟ್ಟಿ ಬಡಿಯುತ್ತಿದ್ದರು, ಕೈ ನಿಲ್ಲಲಿಲ್ಲ. ಅಣ್ಣನೇ ಮೊದಲು ಬಾಯಿ ಬಿಟ್ಟ. "ಹೋಗ್ರಿ ಹೋಗ್ರಿ, ಇಬ್ರೂ ಹೋಗ್ರಿ. ನಾ ಬಸ್ಸಿನ್ಯಾಗ ಅಂಗಡಿಗೆ ಹೋಗ್ತೇನಿ. ಯಾರೂ ಹಿಂದ ನೋಡ್ರಿ ಮುಂದ ನೋಡ್ರಿ ಅಂತ ಒದರೂದಿಲ್ಲ, ಹಾಯಾಗಿ ನಿದ್ದಿ ಮಾಡ್ಕೊಂತ ಹೋಗ್ತೇನಿ." ಗದಗ ದಾಟಿ ಆಚೆ ಹೋಗದ ನನ್ನಣ್ಣನ ಬಾಯಿಂದ ಈ ಮಾತು ಬಂದದ್ದು ಕೇಳಿ ನನಗೆ ಅವನ ಮೇಲೆ ಎಂದೂ ಇಲ್ಲದ ಪ್ರೀತಿ ಉಕ್ಕಿತು.

ಹಾಗೆ ಹೋದೆವು. ಸೀರೆಯ ಮೇಲೆ ಸ್ವೆಟರು, ಕಾಲಿಗೆ ಕ್ಯಾನವಾಸಿನ ಬೂಟು, ಬಗಲಲ್ಲಿ ಕೌದಿ, ಟ್ರಂಕಿನಲ್ಲಿ ಕಟಿರೊಟ್ಟಿ, ಶೇಂಗಾ ಚಟ್ನಿ, ಉಂಡಿ. ಹಾಲೆಂಡಿನ ಅಂಗಳದಲ್ಲಿ ಆ ಕಾರನ್ನು ಕಂಡಾಗ ವೈನಿ ಅದರ ಬಾನೆಟ್ಟಿನ ಮೇಲೆ ಕೈಯಾಡಿಸಿ, "ಮೈ ತುಂಬ್ಕೊಂಡಾಳ ನೋಡು" ಎಂದರು, ತವರಿನಲ್ಲಿ ತಂಗಿಯನ್ನು ಕಂಡವರ ಹಾಗೆ. ಬಾಗಿಲು ತೆರೆದು ರೂಢಿಯ ಕಡೆಗೆ ಕೂತು ಸ್ಟೇರಿಂಗು ಹುಡುಕಿದರೆ ಅದು ನನ್ನ ಮುಂದಿತ್ತು! ಅಲ್ಲಿ ಸ್ಟೇರಿಂಗು ಎಡಕ್ಕೆ, ಓಡಾಟ ಬಲಕ್ಕೆ. ಪೀಟರ್ ಹಸನ್ಮುಖಿಯಾದ ನಿವೃತ್ತ ಮಾಸ್ತರ. ಅವನು ಅಳುಕುತ್ತ ಪಕ್ಕದಲ್ಲಿ ಕೂತು, ಕೈಗೆ ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿದುಕೊಂಡ. ವೈನಿ ಮೊದಲ ದಿನ ಎರಡು ಸಲ ರಸ್ತೆಯ ತಪ್ಪು ಮಗ್ಗುಲಿಗೆ ಹೋದರು, ಮೂರನೆಯ ದಿನಕ್ಕೆ ಆ ಊರಿನವರಂತೆ ನಡೆಸಿದರು. ಇಂಥ ಗಾಡಿಯನ್ನು ವರ್ಷಕ್ಕೆ ಎಷ್ಟು ಸಲ ಹೊರಗೆ ತೆಗೆಯುತ್ತೀರಿ ಎಂದು ಪೀಟರ್ ಕೇಳಿದ. "ವರ್ಷಕ್ಕಲ್ರೀ, ದಿನಾ. ಭಾಜಿ ತರಾಕ ಬೇಕಲ್ಲ" ಎಂದರು ವೈನಿ. ಆನಾ ಅದನ್ನು ತನ್ನ ಭಾಷೆಗೆ ತಿರುಗಿಸಿದಾಗ ಅಂಗಳದಲ್ಲಿ ನಿಂತಿದ್ದ ಗೆಳೆಯರೆಲ್ಲ ವೈನಿಯನ್ನು ನೋಡಿದ ನೋಟ ಇದೆಯಲ್ಲ, ಅದನ್ನು ನಾನು ಇವತ್ತಿಗೂ ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಆ ಕಾರುಗಳ ಸಾಲನ್ನು ನೀವು ನೋಡಬೇಕಿತ್ತು. ಒಂದರದು ಆಮೆಯ ಬೆನ್ನು, ಒಂದರದು ಕಪ್ಪೆಯ ಕಣ್ಣು, ಒಂದು ಬಡಗಿ ಉಳಿದ ಹಲಗೆಯಲ್ಲಿ ಮಾಡಿಕೊಟ್ಟ ಪೆಟ್ಟಿಗೆಯಂಥದು. ಎಲ್ಲಕ್ಕಿಂತ ಸಣ್ಣದು ಯೋಸೆಫ್ ಎಂಬ ಎಂಬತ್ತರ ಅಜ್ಜನದು. ಅವರೂ ಅವರ ಹೆಂಡತಿ ಗ್ರೆಟಾ ಅಜ್ಜಿಯೂ ದಕ್ಷಿಣ ಜರ್ಮನಿಯಲ್ಲಿ ನಮ್ಮನ್ನು ಕೂಡಿಕೊಂಡರು. ಅವರ ಕಾರಿಗೆ ಮಗ್ಗುಲಲ್ಲಿ ಬಾಗಿಲೇ ಇಲ್ಲ, ಮುಖವೇ ಬಾಗಿಲು. ತಿಜೋರಿ ತೆರೆದ ಹಾಗೆ ಮುಂದಿನಿಂದ ತೆರೆದು, ಗಂಡಹೆಂಡತಿ ಒಂದೇ ಸೀಟಿನಲ್ಲಿ ಭುಜಕ್ಕೆ ಭುಜ ಹಚ್ಚಿ ಕೂಡ್ರಬೇಕು. ಲಗ್ನವಾದ ಹೊಸತಿನಲ್ಲಿ ಅದೇ ಕಾರಿನಲ್ಲಿ ಅಜ್ಜಿಯನ್ನು ಕೂಡ್ರಿಸಿಕೊಂಡು ಅಜ್ಜ ಆಲ್ಪ್ಸಿನ ಒಂದು ಘಾಟು ದಾಟಿದ್ದರಂತೆ. ಈಗ ಕಣ್ಣು ಮಂಜಾಗುತ್ತ ಬಂದಿದೆ, ಈ ಪ್ರವಾಸ ಮುಗಿದ ಮೇಲೆ ಕಾರು ನಡೆಸುವುದನ್ನು ಬಿಡುತ್ತೇನೆಂದು ಮಕ್ಕಳಿಗೆ ಮಾತು ಕೊಟ್ಟಿದ್ದಾರೆ. ಬಿಡುವ ಮೊದಲು ಗ್ರೆಟಾಳನ್ನು ಮತ್ತೊಮ್ಮೆ ಅದೇ ಘಾಟು ದಾಟಿಸಬೇಕು, ಇದೊಂದೇ ಅವರ ಆಸೆ.

ಆದರೆ ಆ ಗುಂಪಿನ ಪದ್ಧತಿ ಬೇರೆ ಇತ್ತು. ಮುಂಜಾನೆ ಎಲ್ಲರೂ ಕೂಡಿ ಹೊರಡುವುದು, ಆಮೇಲೆ ಅವರವರ ಕಾರಿನ ಶಕ್ತಿಯಂತೆ ಓಡಿಸಿಕೊಂಡು ಸಂಜೆಗೆ ಗೊತ್ತುಮಾಡಿದ ಊರಿನಲ್ಲಿ ಸೇರುವುದು. ಕಡೆಗೆ ಒಂದು ಲಾರಿ. ಕೆಟ್ಟು ನಿಂತ ಕಾರನ್ನೂ ತೀರ ಹಿಂದೆ ಬಿದ್ದ ಕಾರನ್ನೂ ಅದರ ಮೇಲೆ ಹೇರಿಕೊಂಡು ಬರುವುದು. ಯಾರಿಗೂ ತೊಂದರೆಯಿಲ್ಲದ, ಯಾರನ್ನೂ ಕಾಯಬೇಕಿಲ್ಲದ ಅಚ್ಚುಕಟ್ಟಾದ ಏರ್ಪಾಡು, ಒಪ್ಪತಕ್ಕದ್ದೇ. ಯೋಸೆಫ್ ಅಜ್ಜ ಮಾತ್ರ ದಿನಾ ಎಲ್ಲರೂ ಉಂಡು ಕೈ ತೊಳೆಯುವ ಹೊತ್ತಿಗೆ ಬಂದು ಮುಟ್ಟುತ್ತಿದ್ದರು, ಬೆನ್ನಿಗೆ ಆ ಲಾರಿಯನ್ನು ಕಟ್ಟಿಕೊಂಡು. ಒಳಗೆ ಬರುವಾಗ ತಲೆ ತಗ್ಗಿಸಿ, ಯಾರ ಮುಖವನ್ನೂ ನೋಡದೆ ಮೂಲೆಯ ಮೇಜಿಗೆ ಹೋಗಿ ಕೂಡ್ರುತ್ತಿದ್ದರು.

ವೈನಿಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಇಳಿಯಲಿಲ್ಲ ಎಂದರೆ, ಅವರು ಉಣ್ಣಲೇ ಇಲ್ಲ. ಅಜ್ಜ ಬಂದು ಕೂಡ್ರುವತನಕ ಖಾಲಿ ತಾಟು ಮುಂದಿಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದರು. ಪೀಟರನಿಗೆ ಗಾಬರಿ: ಈ ಹೆಣ್ಣುಮಗಳಿಗೆ ನಮ್ಮ ಅಡಿಗೆ ಸೇರುತ್ತಿಲ್ಲ! ಒಂದು ದಿನ ಬೇರೆ ನಮೂನೆಯ ಚೀಜು ತರಿಸಿದ, ಮರುದಿನ ಬೇಯಿಸಿದ ಆಲೂಗಡ್ಡೆಯ ಗುಡ್ಡೆಯನ್ನೇ ತಂದಿಟ್ಟ. ವೈನಿ ನಕ್ಕು ಕೈಮುಗಿದರು, ತಾಟು ಮುಟ್ಟಲಿಲ್ಲ. ಹಸಿವಿಗೆ ನನ್ನ ಹೊಟ್ಟೆ ತಾಳ ಹಾಕುತ್ತಿತ್ತು. ನಾನಾದರೂ ಉಣ್ಣುತ್ತೇನೆ ಎಂದರೆ, "ಉಣ್ಣವಾ, ನೀ ಉಣ್ಣು, ನಿನಗ್ಯಾರು ಬ್ಯಾಡ ಅಂದಾರ" ಎನ್ನುವರು. ಆ ದನಿಯಲ್ಲಿ ಹೇಳಿದ ಮೇಲೆ ಉಣ್ಣುವ ಎದೆಗಾರಿಕೆ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಸುಳ್ಳದಿಂದ ಅವರಪ್ಪ ಹತ್ತಿ ಹೇರಿಕೊಂಡು ಚಕ್ಕಡಿಗಳ ಸಾಲು ಕಟ್ಟಿಕೊಂಡು ಹುಬ್ಬಳ್ಳಿಯ ಪ್ಯಾಟೆಗೆ ಬರುವಾಗ, ಕಡೆಯ ಗಾಡಿ ಬಂದು ಎತ್ತಿನ ಕೊಳ್ಳ ಹರಿದು ನೊಗ ಇಳಿಸುವತನಕ ಯಾರೂ ಬುತ್ತಿಯ ಗಂಟು ಬಿಚ್ಚುತ್ತಿರಲಿಲ್ಲವಂತೆ. ಆ ರೂಢಿ ಹುಡುಗಿಯ ಮೈಯಲ್ಲಿ ಹಾಗೇ ಉಳಿದು, ನೋಡಿ, ಜರ್ಮನಿಯ ಊಟದ ಮನೆಯೊಂದರಲ್ಲಿ ನಮ್ಮಿಬ್ಬರನ್ನು ಉಪವಾಸ ಕೆಡವಿತು.

ಘಾಟಿನ ಬುಡ ಮುಟ್ಟಿದ ಸಂಜೆ ಪೀಟರ್ ಎದ್ದು ನಿಂತು, ಬಹಳ ಮೃದುವಾಗಿ, ನಾಳೆ ಯೋಸೆಫರ ಕಾರನ್ನು ಬುಡದಲ್ಲೇ ಲಾರಿಗೆ ಹೇರಿಬಿಡೋಣ, ಅವರಿಬ್ಬರೂ ನನ್ನ ಕಾರಿನಲ್ಲಿ ಬರಲಿ ಎಂದ. ಕೆಟ್ಟ ಮನಸ್ಸಿನ ಮಾತಲ್ಲ. ಆ ಮುದುಕರಿಗೆ ನಡುದಾರಿಯಲ್ಲಿ ಫಜೀತಿಯಾಗಬಾರದೆಂಬ ಕಾಳಜಿಯೇ. ಅಂದು ಬೇಗ ಬಂದು ಕೂತಿದ್ದ ಅಜ್ಜ ತಾಟಿನಿಂದ ತಲೆ ಎತ್ತದೆ, "ಹಾಗೆ ಮಾಡಿದರೆ ಘಾಟು ದಾಟಿದ್ದು ಲಾರಿ, ನಾನಲ್ಲ" ಎಂದರು. ಆನಾ ಆಗಲೇ ಉಂಡು ಕೋಣೆಗೆ ಹೋಗಿದ್ದಳು, ಪೀಟರನೇ ಅದನ್ನು ನನಗೆ ಇಂಗ್ಲಿಷಿನಲ್ಲಿ ಹೇಳಿದ. ಗ್ರೆಟಾ ಅಜ್ಜಿ ಗಂಡನ ತೋಳಿನ ಮೇಲೆ ಕೈ ಇಟ್ಟರು. "ಏನಂತವಾ?" ಎಂದು ವೈನಿ ನನ್ನನ್ನು ಕೇಳಿದರು. ಹೇಳಿದೆ. ಹೇಳಿ ಮುಗಿಸುವುದರೊಳಗೆ ಸೆರಗು ಸೊಂಟಕ್ಕೆ ಸಿಗಿಸಿ ಎದ್ದು ನಿಂತರು. ಆ ಸೆರಗು ಹಾಗೆ ಸೊಂಟಕ್ಕೆ ಹೋಯಿತೆಂದರೆ ನಮ್ಮ ಮನೆಯಲ್ಲಿ ಅಣ್ಣ ಅಂಗಡಿಯ ನೆವ ಹೇಳಿ ಹೊರಬೀಳುತ್ತಾನೆ.

"ಸುಮಾ, ನಾ ಹೇಳಿದ್ದು ಹೇಳಿದಂಗ ಇವ್ರಿಗೆ ಹೇಳು. ನಮ್ಮಪ್ಪನ ಗಾಡಿ ಸಾಲು ಬರೂ ಮುಂದ ದಾರ್ಯಾಗ ಏರು ಬಂತಂದ್ರ, ಎಲ್ಲಾಕ್ಕಿಂತ ದಣಿದ ಎತ್ತಿನ ಗಾಡಿ ಮುಂದ ಬಿಡ್ತಿದ್ದ. ಅದು ಹೆಂಗ ನಡೀತೈತಿ ಹಂಗ ಎಲ್ಲಾರೂ ನಡಿಯೂದು. ಮುಂದ ಇದ್ದ ಎತ್ತಿಗೆ ನಾ ಹಿಂದ ಬಿದ್ದೆ ಅನ್ನೂ ಚಿಂತಿ ಇರೂದಿಲ್ಲ. ನಾಳೆ ಅಜ್ಜಾರ ಗಾಡಿ ಎಲ್ಲಾರ ಮುಂದ ಇರ್ಲಿ."

ನಾನು ಹೇಳಿದ್ದು ಹೇಳಿದಂತೆ ಇಂಗ್ಲಿಷಿನಲ್ಲಿ ಹೇಳಿದೆ. ಪೀಟರ್ ಅದನ್ನು ಜರ್ಮನ್ ಭಾಷೆಗೆ ತಿರುಗಿಸಿದ. ದಣಿದ ಎತ್ತು ಎಂಬಲ್ಲಿಗೆ ಬಂದಾಗ ಅಜ್ಜನ ಮುಖಕ್ಕೆ ಕೆಂಪೇರಿತು. ಚಮಚ ಕೆಳಗಿಟ್ಟು, ಬಾಯಿ ಒರೆಸಿಕೊಂಡು, ಅಜ್ಜಿಯ ಕೈ ಹಿಡಿದು ಎಬ್ಬಿಸಿ ಹೊರಟುಹೋದರು. ವೈನಿ ನಿಂತೇ ಇದ್ದರು, ಮುಖ ಸಣ್ಣಗಾಗಿತ್ತು. "ಏನಾತವಾ? ನಾ ಮಾನಾ ಕೊಡಾಕ ಹೋದ್ರ ಅವರು ಮಾನಾ ಹೋತು ಅಂತ ಎದ್ದು ಹೋದ್ರಲ್ಲ!"

ಖರೇನೇ ಅವರಿಗೆ ಅರ್ಥವಾಗಿರಲಿಲ್ಲ. ಎತ್ತು ಎಂದರೆ ಅವರ ತವರಿನಲ್ಲಿ ಮನೆಯ ಮಗ. ಅದರ ಹಣೆಗೆ ಕುಂಕುಮ ಹಚ್ಚಿ, ಕೊರಳಿಗೆ ಗೆಜ್ಜೆ ಕಟ್ಟಿ, ತಾವು ಉಣ್ಣುವ ಮೊದಲು ಅದಕ್ಕೆ ಹಿಂಡಿ ಇಡುತ್ತಾರೆ. ದಣಿದಿದೆ ಎಂದರೆ ದುಡಿದಿದೆ ಎಂದು. ಇಷ್ಟು ದೊಡ್ಡ ಮಾತನ್ನು ಒಬ್ಬ ಮನುಷ್ಯನಿಗೆ ಹೇಳಿದರೆ ಆತ ಸಿಟ್ಟಾಗಬಹುದೆಂದು ಸುಳ್ಳದ ಒಕ್ಕಲಿಗರ ಮಗಳಿಗೆ ಹೇಗೆ ಹೊಳೆಯಬೇಕು? ನಾನು ಕೋಣೆಗೆ ಬಂದ ಮೇಲೂ ಅದನ್ನೇ ಯೋಚಿಸಿದೆ. ಇಷ್ಟು ವರ್ಷ ಮಕ್ಕಳಿಗೆ ಇತಿಹಾಸ ಹೇಳಿದ್ದೇನೆ, ಎಲ್ಲ ಮುಂದೆ ಹೋದವರದೇ ಇತಿಹಾಸ. ಕುದುರೆಯ ಮೇಲೆ ಮುಂದಿದ್ದವನ ಹೆಸರಿಗೆ ಶಾಸನ, ಕಾಲ್ನಡಿಗೆಯಲ್ಲಿ ಹಿಂದೆ ಬಿದ್ದವನ ಹೆಸರಿಗೆ ಏನೂ ಇಲ್ಲ. ಬಲವಿದ್ದವನು ಮುಂದಾಳು ಎಂಬುದನ್ನು ನಾವು ಎಷ್ಟು ಸಲ ಓದಿದ್ದೇವೆಂದರೆ, ಮುಂದೆ ನಿಲ್ಲಲು ಬೇರೆ ಕಾರಣವೂ ಇರಬಹುದೆಂಬುದೇ ಮರೆತುಹೋಗಿದೆ. ದಣಿದವನನ್ನು ಮುಂದಿಟ್ಟುಕೊಂಡು ಎಲ್ಲರೂ ಅವನ ಹೆಜ್ಜೆಗೆ ಹೆಜ್ಜೆ ಹಾಕಿದ ಒಂದೇ ಒಂದು ದಂಡಯಾತ್ರೆಯೂ ನನ್ನ ಪಠ್ಯಪುಸ್ತಕಗಳಲ್ಲಿಲ್ಲ. ಯಾಕೆಂದರೆ ಹಾಗೆ ಹೋದವರು ಯಾವ ಊರನ್ನೂ ಗೆಲ್ಲಲಿಲ್ಲ, ಬರೀ ಎಲ್ಲರೂ ಕೂಡಿ ಮನೆಗೆ ಮುಟ್ಟಿದರು.

ಮರುದಿನ ಮುಂಜಾನೆ ವೈನಿ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಶೇಂಗಾದುಂಡಿಯ ಡಬ್ಬಿ ಹಿಡಿದು ಆನಾಳನ್ನೂ ನನ್ನನ್ನೂ ಕರೆದುಕೊಂಡು ಅಂಗಳಕ್ಕೆ ಬಂದರು. ಅಜ್ಜ ಕಾರಿನ ಪಕ್ಕದಲ್ಲಿ ಒಂದು ಕಟ್ಟೆಯ ಮೇಲೆ, ಕೈ ಕಟ್ಟಿಕೊಂಡು ಕೂತಿದ್ದರು. ಲಾರಿಯವನು ಹಲಗೆ ಇಳಿಬಿಟ್ಟು ಆಗಲೇ ತಯಾರಾಗಿದ್ದ. ವೈನಿ ಅಜ್ಜಿಗೆ ಒಂದು ಉಂಡಿ ಕೊಟ್ಟರು, ಅಜ್ಜನ ಮುಂದೆ ಡಬ್ಬಿ ಇಟ್ಟರು, ಆಮೇಲೆ ಕನ್ನಡದಲ್ಲೇ ಮಾತು ಸುರುಮಾಡಿದರು.

"ಅಜ್ಜಾರ, ನನಗ ಈ ಘಾಟ ಹೊಸಾದು. ಇಲ್ಲಿ ಎಡಕ್ಕೇನು ಬಲಕ್ಕೇನು ಇನ್ನೂ ತಲಿಗೆ ಹತ್ತವಲ್ದು. ನೀವು ಈ ದಾರಿ ಏರಿ ಬಲ್ಲವರು. ನೀವು ಮುಂದ ನಡದ್ರ ನಾ ನಿಮ್ಮ ಬೆನ್ನು ಹಿಡಕೊಂಡು ಬರ್ತೇನಿ. ಇಲ್ಲಾಂದ್ರ ನನ್ನ ಗಾಡಿನೂ ಲಾರಿ ಮ್ಯಾಲ ಹೇರಬೇಕಾಗ್ತದ."

ನಾನು ತುಟಿ ಕಚ್ಚಿಕೊಂಡೆ. ಅರಬೈಲಿನ ಘಾಟಿನಲ್ಲಿ ಅದಿರಿನ ಲಾರಿಗಳ ನಡುವೆ, ಬಾಯಲ್ಲಿ ಎಲೆ ಅಡಿಕೆ ಹಾಕಿಕೊಂಡು, ನನಗೆ ಅಡಿಗೆಯ ಮಾತು ಹೇಳುತ್ತ ಕಾರು ಇಳಿಸಿದ ವೈನಿಯ ಪಕ್ಕದಲ್ಲಿ ಕೂತವಳು ನಾನು. ಆನಾ ತಿರುಗಿಸಿ ಹೇಳಿದಳು. ಅಜ್ಜ ವೈನಿಯನ್ನು ಬಹಳ ಹೊತ್ತು ನೋಡಿದರು, ಆ ಮಂಜುಗಣ್ಣುಗಳಿಗೆ ಅವರ ಕೆಚ್ಚು ಎಷ್ಟು ಕಂಡಿತೋ. ಅಜ್ಜಿ ಆಗಲೇ ಉಂಡಿ ಮುಗಿಸಿ ಎರಡನೆಯದಕ್ಕೆ ಕೈ ಹಾಕಿದ್ದರು. ಅಜ್ಜ ಎದ್ದು, ತಮ್ಮ ಕಾರಿನ ಮುಖ ತೆರೆದು ಹೆಂಡತಿಯನ್ನು ಮೊದಲು ಕೂಡ್ರಿಸಿದರು.

ಪೀಟರ್ ದೊಡ್ಡ ಮನುಷ್ಯ. ಅಂಗಳದಲ್ಲಿ ನಡೆದದ್ದನ್ನು ನೋಡಿ, ತನ್ನ ಕಾರನ್ನು ತಾನೇ ಸಾಲಿನ ಕಡೆಗೆ, ಲಾರಿಯ ಮುಂದಕ್ಕೆ ತೆಗೆದುಕೊಂಡು ಹೋದ. ಅಜ್ಜನ ಕಾರು ಮೊದಲು, ಅದರ ಹಿಂದೆ ನಾವು, ನಮ್ಮ ಹಿಂದೆ ಉಳಿದವರೆಲ್ಲ. ಅಂಥ ನಡಿಗೆಯನ್ನು ಆ ಪರ್ವತ ಎಷ್ಟು ವರ್ಷದಿಂದ ಕಂಡಿರಲಿಲ್ಲವೋ! ಸೈಕಲ್ಲಿನವರು ನಮ್ಮನ್ನು ದಾಟಿ ಹೋದರು, ದಾಟುವಾಗ ಕೈ ಬೀಸಿದರು. ಹೊಸ ಕಾರಿನವರು ಹಾರ್ನು ಹೊಡೆದರೆ ವೈನಿ ಕನ್ನಡಿಯಲ್ಲಿ ಅವರನ್ನು ನೋಡಿ, "ಯಾಕೋ ತಮ್ಮಾ, ಮನ್ಯಾಗ ಹಾಲು ಉಕ್ಕಾಕತ್ತೈತೇನ?" ಎನ್ನುವರು. ಒಂದು ಕಡೆ ಆಳದ ಕಣಿವೆ, ಇನ್ನೊಂದು ಕಡೆ ಬಂಡೆ, ಮೇಲೆ ಬಿಸಿಲಿಗೆ ಮಿಂಚುವ ಹಿಮ, ನಮ್ಮ ಮುಂದೆ ಆ ಮೊಟ್ಟೆಯಂಥ ಕಾರು ತೇಕುತ್ತ ತೇಕುತ್ತ ತಿರುವು ತಿರುವು ಏರುತ್ತಿತ್ತು. ಅದರ ಹಿಂದಿನ ಗಾಜಿನಲ್ಲಿ ಎರಡು ಬಿಳಿ ತಲೆಗಳು ಒಂದಕ್ಕೊಂದು ತಾಗಿಕೊಂಡಿದ್ದವು.

ಕೆಟ್ಟು ನಿಂತದ್ದು ನಾವು! ಅಷ್ಟು ನಿಧಾನಕ್ಕೆ ಅಷ್ಟು ಏರು ಏರಿ ನಮ್ಮ ಕಾರಿಗೆ ಕಾವು ಏರಿ, ಒಂದು ತಿರುವಿನಲ್ಲಿ ಬಾನೆಟ್ಟಿನ ಸಂದಿಯಿಂದ ಹಬೆ ಬುಸುಗುಟ್ಟಿತು. ವೈನಿ ಮಗ್ಗುಲಿಗೆ ನಿಲ್ಲಿಸಿದರು. ಲಾರಿಯವನಿಗೆ ಎಲ್ಲಿಲ್ಲದ ಉತ್ಸಾಹ ಬಂದು ಸರಪಳಿ ಹಿಡಿದು ಓಡಿಬಂದ. "ಏಯ್ ತಮ್ಮಾ, ಮುಟ್ಟಬ್ಯಾಡ, ಮುಟ್ಟಬ್ಯಾಡ!" ಎಂದು ವೈನಿ ಅಡ್ಡ ನಿಂತರು. ಆಗ ಮುಂದಿನ ತಿರುವಿನಿಂದ ಅಜ್ಜ ಇಳಿದು ನಡೆದು ಬರುತ್ತಿರುವುದು ಕಂಡಿತು, ಕೈಯಲ್ಲಿ ಕುಡಿಯುವ ನೀರಿನ ಬಾಟಲಿ. ಬಂದವರೇ ಲಾರಿಯವನ ಎದೆಗೆ ಅಂಗೈ ಅಡ್ಡ ಹಿಡಿದು ನಿಲ್ಲಿಸಿದರು. ಬಂಡೆಯ ಮೇಲೆ ಕೂತರು. ಕಾರು ತಣಿಯುವತನಕ ಕಾಯೋಣ ಎಂದು ಸನ್ನೆ ಮಾಡಿದರು. ಸಾಲಿಗೆ ಸಾಲೇ ಕಾಯಿತು. ಯಾರೋ ಉಂಡಿ ಕೇಳಿದರು, ಯಾರೋ ಸೇಬು ಕೊಟ್ಟರು. ಅರ್ಧ ಪರ್ವತ ನಮ್ಮ ದಾರಿ ಕಾಯುತ್ತ ಕೂತ ಹಾಗಿತ್ತು. ಕಾವು ಇಳಿದ ಮೇಲೆ ಅಜ್ಜ ತಾವೇ ನೀರು ಸುರಿದು, ಬಾನೆಟ್ಟು ಮುಚ್ಚಿ, ಬಂದ ಹಾಗೆಯೇ ನಡೆದು ಹೋಗಿ ಮತ್ತೆ ಸಾಲಿನ ಮುಂದೆ ನಿಂತರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ತುದಿ ಮುಟ್ಟಿದೆವು. ರಸ್ತೆಯ ಅಂಚಿಗೆ ಹಿಮದ ಗುಡ್ಡೆಗಳಿದ್ದವು, ಕೆಳಗೆಲ್ಲೋ ಆಕಳ ಕೊರಳ ಗಂಟೆ ಕೇಳುತ್ತಿತ್ತು. ಹಿಂದೆ ಬಂದವರೆಲ್ಲ ಇಳಿದು ಚಪ್ಪಾಳೆ ತಟ್ಟಿದರು, ಪೀಟರ್ ಟೊಪ್ಪಿಗೆ ತೆಗೆದು ಗಾಳಿಗೆ ಎಸೆದ. ಗ್ರೆಟಾ ಅಜ್ಜಿ ಕಾರಿನ ತೆರೆದ ಮುಖದಲ್ಲೇ ಕೂತು ಅಳುತ್ತಿದ್ದರು, ನಗುತ್ತಲೂ ಇದ್ದರು. ನನ್ನ ಎದೆ ಎಷ್ಟು ಉಬ್ಬಿತೆಂದರೆ ಸ್ವೆಟರಿನ ಗುಂಡಿ ತಡೆದದ್ದೇ ಪುಣ್ಯ. ವೈನಿ ಮಾತ್ರ ಇನ್ನೂ ಸ್ಟೇರಿಂಗಿನ ಮುಂದೆಯೇ ಕೂತಿದ್ದರು, ಕೈ ಬಿಡಿಸಿಕೊಳ್ಳಲು ಮರೆತವರ ಹಾಗೆ.

ಅಜ್ಜ ಆನಾಳನ್ನು ಕರೆದುಕೊಂಡು ನಮ್ಮ ಕಿಡಕಿಯ ಹತ್ತಿರ ಬಂದರು. ಬಾಗಿ, ಕಿಡಕಿಯ ಅಂಚಿಗೆ ಎರಡೂ ಕೈ ಊರಿ, ನಿಂತು ನಿಂತು ಮಾತಾಡಿದರು. ಆನಾ ಒಂದೊಂದೇ ಮಾತನ್ನು ನಮ್ಮ ಕೆಲಗೇರಿಯ ಓಣಿಯ ಕನ್ನಡದಲ್ಲಿ ಇಳಿಸಿದಳು.

"ವೈನೀರ, ಅಜ್ಜಾರು ಹೇಳಾಕತ್ತಾರ್ರಿ, ಅವರಪ್ಪನೂ ಇಂಥಾ ಗುಡ್ಡದ ಊರಾಗ ಹುಲ್ಲಿನ ಗಾಡಿ ಹೊಡೀತಿದ್ರಂತ್ರಿ. ಅಲ್ಲೂ ಎತ್ತಿನ ಗಾಡಿನ. ಅಲ್ಲೂ ಏರು ಬಂದ್ರ ದಣಿದ ಎತ್ತು ಮುಂದನ ಅಂತ್ರಿ. ನೀವು ಅಂದ ಕೂಡ್ಲೇ ಅವರಿಗೆ ತಿಳೀತಂತ. ತಿಳದದ್ದಕ್ಕ ಸಿಟ್ಟು ಬಂತಂತ್ರಿ, ಅಲ್ಲೀತನಕ ಅವರಿಗೆ ಯಾರೂ ನೀವು ದಣಿದೀರಿ ಅಂದಿದ್ದಿಲ್ಲಂತ. ಮುಂಜಾನಿ ನೀವು ದಾರಿ ಗೊತ್ತಿಲ್ಲ ಅಂದಿದ್ದೂ ಸುಳ್ಳು ಅಂತ ಗೊತ್ತಿತ್ತಂತ್ರಿ."

ವೈನಿ ಕಳ್ಳಿಯ ಹಾಗೆ ತಲೆ ತಗ್ಗಿಸಿದರು. ಅಜ್ಜ ಇನ್ನೂ ನಿಂತೇ ಇದ್ದರು. ತಮ್ಮ ಪುಟ್ಟ ಕಾರಿನ ಕಡೆ ಒಮ್ಮೆ, ಇಟಲಿಯ ಕಡೆಗೆ ಸುತ್ತಿ ಸುತ್ತಿ ಇಳಿಯುವ ರಸ್ತೆಯ ಕಡೆ ಒಮ್ಮೆ ನೋಡಿ, ದನಿ ಸಣ್ಣದು ಮಾಡಿ ಇನ್ನೊಂದು ಮಾತು ಹೇಳಿದರು. ಆನಾ ಅದನ್ನೂ ತಿರುಗಿಸಿದಳು.

"ಈಗ ಇಳಿಜಾರು ಐತ್ರಿ. ಇಳಿಯೂ ಮುಂದ ಅವರೂರಾಗ ಗಟ್ಟಿ ಎತ್ತು ಮುಂದ ಹೋಗ್ತಿತ್ತಂತ. ಹಿಂದಿನ ಗಾಡಿ ಜಾರಿದ್ರ ಆತುಕೊಳ್ಳಾಕ ಮುಂದ ಒಬ್ರು ಬೇಕಲ್ರಿ. ನನ್ನ ಬ್ರೇಕಿನ ಮ್ಯಾಲೆ ನನಗ ಧೈರ್ಯ ಇಲ್ಲ, ನನಗ ಹೆದರಿಕಿ ಆಗಾಕತ್ತೈತಿ, ಇನ್ನ ನೀವು ಮುಂದ ನಡೀರಿ ಅನ್ನಾಕತ್ತಾರ್ರಿ."

ಇಷ್ಟು ದಿನ ಯಾರ ಮುಖವನ್ನೂ ನೋಡದೆ ಮೂಲೆಯ ಮೇಜಿಗೆ ಹೋಗುತ್ತಿದ್ದ ಆ ಮನುಷ್ಯ ವೈನಿಯ ಕಣ್ಣಲ್ಲಿ ಕಣ್ಣಿಟ್ಟು ಉತ್ತರಕ್ಕೆ ಕಾಯುತ್ತಿದ್ದರು. "ಸುಮಾ," ಎಂದರು ವೈನಿ ನನ್ನ ಕಡೆ ತಿರುಗಿ, ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತ, ನಗುತ್ತ, "ನನಗ ಎತ್ತು ಅಂದ್ರವಾ! ಗಟ್ಟಿ ಎತ್ತು ಅಂದ್ರು!" ಆಮೇಲೆ ಗಿಯರು ಹಾಕಿ, ಕಾರನ್ನು ಮೆಲ್ಲಗೆ ಅಜ್ಜನ ಕಾರಿನ ಮುಂದಕ್ಕೆ ತಂದು, ಕಿಡಕಿಯಿಂದ ಇಡೀ ತೋಳು ಹೊರಗೆ ಚಾಚಿ, ಆ ಎಲ್ಲ ಭಾಷೆಗಳ ಜನರ ನಡುವೆ ಕನ್ನಡದಲ್ಲಿ ಕೂಗಿ ಹೇಳಿದರು:

"ಬರ್ರಿ ಅಜ್ಜಾರ, ಹೆದರಬ್ಯಾಡ್ರಿ. ಮುಂದ ನಾ ಅದೇನಿ."